‘ಆವು’ ಬೇರೆ, ‘ಆಂಡ್’ ಬೇರೆ

ಕಳೆದ ವಾರ ನರಿಕೊಂಬಿನ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ನದಿಗೆ ಬೆನ್ನು ಹಾಕಿ ನಿಂತ ತಗಡಿನ ಶೆಡ್ಡು. ಒಳಗೆ ಕಬ್ಬಿಣ ಕಡೆಯುವ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಬಾಗಿಲಲ್ಲಿ ಒಂದು ಜಗಳ. ಗಿರಾಕಿಯೊಬ್ಬರು ತಮ್ಮ ಪಂಪಿನ ಶಾಫ್ಟ್ ಯಾಕಿನ್ನೂ ಸಿಕ್ಕಿಲ್ಲ ಎಂದು ಕೈ ಬೀಸಿ ಕೇಳುತ್ತಿದ್ದರು. ಮಾಲೀಕರು ಮೊಬೈಲ್ ಕಿವಿಗಿಟ್ಟುಕೊಂಡು ಬಾರದ ಕರೆಗೆ ಉತ್ತರ ಕೊಡುತ್ತಿದ್ದರು. ನಾನು ಒಳಗೆ ಕಾಲಿಟ್ಟದ್ದೇ ಆ ವಾಸನೆ ಮೂಗಿಗೆ ಬಂತು. ತಿರುಗುವ ಕಬ್ಬಿಣದ ಮೇಲೆ ಬಿದ್ದ ಎಣ್ಣೆನೀರು ಹಬೆಯಾಗುವಾಗ ಬರುವ ವಾಸನೆ. ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. ನನಗೆ ಪುತ್ತಿಗೆಯ ಆ ಬೇಸಿಗೆ ನೆನಪಾಗುತ್ತದೆ.

ಜಗಳ ತಣ್ಣಗಾದ ಮೇಲೆ ಮಾಲೀಕರು ನನ್ನನ್ನೂ, ನಾನು ತಂದಿದ್ದ ಬಿಳಿ ಬೋರ್ಡನ್ನೂ ನೋಡಿದರು.

“ನೀವು ಇದನ್ನೆಲ್ಲ ಎಲ್ಲಿ ಕಲಿತದ್ದು?”

“ಪುತ್ತಿಗೆಯಲ್ಲಿ.”

“ಅಲ್ಲಿ ಯಾವ ಕಾಲೇಜು?”

“ಕಾಲೇಜಲ್ಲ, ಶೆಡ್ಡು.”

ಅವರು ನಕ್ಕರು. ನಾನು ಮಾತ್ರ ನಿಜವನ್ನೇ ಹೇಳಿದ್ದೆ. ವರ್ಕ್‌ಶಾಪಿಗೆ ಬಂದ ಕೆಲಸಗಳಲ್ಲಿ ಯಾವುದು ಯಾವ ಮೆಷಿನ್ನಿಗೆ ಯಾವಾಗ ಹತ್ತಬೇಕು ಎಂದು ಸಾಲು ಹಾಕಿಕೊಡುವುದು ಈಗ ನನ್ನ ಉದ್ಯೋಗ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಮುತ್ತ ಕರೆದ ಕಡೆ ಹೋಗುತ್ತೇನೆ. ಮೆಷಿನ್ ಓಡಿಸಲು ನನಗೆ ಇವತ್ತಿಗೂ ಬರುವುದಿಲ್ಲ. ಸಾಲು ಹಾಕಲು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಅದನ್ನು ಕಲಿತದ್ದು ಒಂದೇ ಒಂದು ಬೇಸಿಗೆಯಲ್ಲಿ, ಶಿವರಾತ್ರಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ.

ನನ್ನ ಊರು ನಾರಾವಿ. ಅಪ್ಪ ನಾರಾವಿ–ಮೂಡುಬಿದಿರೆ ರೂಟಿನ ಖಾಸಗಿ ಬಸ್ಸಿನ ಕಂಡಕ್ಟರ್. ಪಿಯುಸಿ ಆದ ಮೇಲೆ ಮುಂದೇನು ಎಂದು ನಾನು ಯೋಚಿಸುತ್ತಿದ್ದಾಗ, ಅಪ್ಪನ ಬಸ್ಸಿನ ಖಾಯಂ ಪ್ರಯಾಣಿಕರಾಗಿದ್ದ ಸುಧಾಕರಣ್ಣ “ಬಿಲ್ಲು ಬರೀಲಿಕ್ಕೆ, ಫೋನ್ ತೆಗೀಲಿಕ್ಕೆ ಒಬ್ಬರು ಬೇಕು” ಅಂದರು. ಅವರು ದುಬೈಯಲ್ಲಿ ಬಹಳ ಕಾಲ ಫಿಟ್ಟರ್ ಆಗಿದ್ದು, ಊರಿಗೆ ಬಂದು ಪುತ್ತಿಗೆಯ ರಸ್ತೆ ಬದಿಯಲ್ಲಿ ವರ್ಕ್‌ಶಾಪ್ ಹಾಕಿದವರು. ಕಬ್ಬಿನ ಹಾಲಿನ ಮೆಷಿನ್ನಿನ ರೋಲರ್, ಪಂಪಿನ ಶಾಫ್ಟ್, ಅಡುಗೆಯವರ ದೊಡ್ಡ ಗ್ರೈಂಡರಿನೊಳಗಿನ ಬಳೆಯಂಥ ಬುಶ್ಶು, ಗೇಟಿನ ಕೀಲು ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಕೆಲಸಗಾರರು ಇಬ್ಬರೇ. ಲೇತಿನಲ್ಲಿ ಪಾಸ್ಕಲಣ್ಣ, ವೆಲ್ಡಿಂಗ್ ಮತ್ತು ಡ್ರಿಲ್ಲಿಂಗಿಗೆ ಹಮೀದಾಕ. ಹೆಚ್ಚಿನ ಕೆಲಸಗಳು ಮೊದಲು ಲೇತಿಗೆ ಹೋಗಿ, ಅಲ್ಲಿಂದ ಹಮೀದಾಕನ ಮೇಜಿಗೆ ಬರಬೇಕು. ಇಷ್ಟೇ ದಾರಿ. ಈ ಇಷ್ಟು ಗಿಡ್ಡ ದಾರಿಯಲ್ಲಿ ಅಷ್ಟೊಂದು ಟ್ರಾಫಿಕ್ ಜಾಮ್ ಆಗುವುದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಸೇರಿದ ಮೊದಲ ವಾರವೇ ಗೊತ್ತಾಯಿತು, ನಾನು ಮುಳುಗುವ ದೋಣಿ ಹತ್ತಿದ್ದೇನೆ ಎಂದು. ಬಿ.ಸಿ. ರೋಡಿನ ದಯಾನಂದ ಎಂಬ ಡೀಲರ್ ಒಬ್ಬರು ಬಿಳಿ ಕಾರಿನಲ್ಲಿ ಬಂದು ಶೆಡ್ಡಿನ ಉದ್ದಗಲ ಕಣ್ಣಲ್ಲೇ ಅಳೆದರು. ಅವರಿಗೆ ರೆಡಿಮೇಡ್ ಗ್ರೈಂಡರ್, ಪಂಪು, ಜ್ಯೂಸ್ ಮೆಷಿನ್ ಮಾರುವ ಶೋರೂಮಿಗೆ ರಸ್ತೆ ಬದಿಯ ಜಾಗ ಬೇಕಿತ್ತು. ಸುಧಾಕರಣ್ಣ ಜಾಗ ಕೊಟ್ಟು ತಾವೂ ಅಲ್ಲೇ ಪಾಲುದಾರರಾಗಿ ಕೂರುವುದು, ಲೇತನ್ನು ಗುಜರಿಗೆ ಹಾಕುವುದು. ಮಾತು ಹೆಚ್ಚುಕಡಿಮೆ ಕುದುರಿತ್ತು.

“ಸಾಕಾಯ್ತು ಮಾರಾಯ್ತಿ,” ಅಂದರು ಸುಧಾಕರಣ್ಣ, ಡೀಲರ್ ಹೋದ ಮೇಲೆ. “ದಿನಾ ಬೈಗುಳ ತಿನ್ನಲಿಕ್ಕೆ ನಾನು ದುಬೈ ಬಿಟ್ಟು ಬಂದದ್ದಾ? ಒಂದು ಕೆಲಸ ಹೇಳಿದ ದಿವಸಕ್ಕೆ ಆಗುದಿಲ್ಲ. ಶೋರೂಮ್ ಆದ್ರೆ ಫ್ಯಾನಿನ ಅಡಿ ಕೂತು ‘ಯಾವ ಕಲರ್ ಬೇಕು’ ಅಂತ ಕೇಳಿದ್ರೆ ಮುಗೀತು.”

ಪಾಸ್ಕಲಣ್ಣ ಲೇತ್ ಒರೆಸುತ್ತಾ ಅಲ್ಲಿಂದಲೇ ಕೇಳಿದರು: “ನನ್ನನ್ನು ಯಾವ ಕಲರಲ್ಲಿ ಇಡ್ತೀರಿ?”

ಯಾರೂ ನಗಲಿಲ್ಲ. ಆ ಲೇತ್ ಬಂದ ದಿನದಿಂದ ಅದನ್ನು ಓಡಿಸುತ್ತಿದ್ದವರು ಅವರು. ಐವತ್ತು ದಾಟಿದ ಟರ್ನರನಿಗೆ ಬೇರೆ ಕಡೆ ಹೊಸದಾಗಿ ಕೆಲಸ ಹುಡುಕುವುದು ಸುಲಭದ ಮಾತಾಗಿರಲಿಲ್ಲ.

ನನಗೆ ಬಾಯಿ ಕಟ್ಟಿ ಕೂರಲು ಬರುವುದಿಲ್ಲ. ಪಾಸ್ಕಲಣ್ಣ ನನ್ನನ್ನು ಕೊಂಕಣಿಯ ಅಕ್ಕರೆಯಲ್ಲಿ ‘ಬಾಯಿ’, ಅಂದರೆ ಹುಡುಗಿ, ಎಂದು ಕರೆಯುತ್ತಿದ್ದರು. ಕನ್ನಡದಲ್ಲೂ ಆ ಹೆಸರು ನನಗೆ ಸರಿಯಾಗಿಯೇ ಹೊಂದುತ್ತಿತ್ತು. ನಾನು ಹೇಳಿಬಿಟ್ಟೆ:

“ಸುಧಾಕರಣ್ಣ, ಮೆಷಿನ್ ಸಾಲದ್ದಲ್ಲ, ಸಾಲು ಸರಿ ಇಲ್ಲದ್ದು. ನನಗೆ ಬಿಟ್ಟುಕೊಡಿ, ನಾನು ಮಾಡ್ತೇನೆ.”

“ನಿನಗೆ ಲೇತಿನ ಮುಖ ಯಾವುದು, ಬೆನ್ನು ಯಾವುದು ಗೊತ್ತುಂಟಾ?”

“ಗೊತ್ತಿಲ್ಲ. ಯಾವ ಹೊತ್ತಿಗೆ ಯಾರು ಸುಮ್ಮನೆ ಕೂತಿರ್ತಾರೆ, ಅದು ಗೊತ್ತುಂಟು.”

ಅವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ಸಿಟ್ಟು ಬಂತೇನೋ ಅಂದುಕೊಂಡೆ.

“ಆಗಲಿ. ಪತ್ತನಾಜೆವರೆಗೆ ನೋಡುವ. ಅಷ್ಟರ ಒಳಗೆ ಬಾಗಿಲ ಹತ್ರ ಈ ಬೊಬ್ಬೆ ನಿಲ್ಲದಿದ್ರೆ, ದಯಾನಂದನಿಗೆ ಬೀಗದ ಕೈ.”

ಪತ್ತನಾಜೆ ನಮ್ಮಲ್ಲಿ ಬೇಸಿಗೆಯ ಗಡಿ. ಅಲ್ಲಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಭೂತದ ಕೋಲಗಳು ನಿಲ್ಲುತ್ತವೆ, ಮದುವೆಗಳೂ ಹೆಚ್ಚುಕಡಿಮೆ ಮುಗಿಯುತ್ತವೆ, ಜನ ಆಕಾಶ ನೋಡಲು ಶುರುಮಾಡುತ್ತಾರೆ. ಅಲ್ಲಿಯವರೆಗೆ ಇರುವ ತಿಂಗಳುಗಳೇ ವರ್ಕ್‌ಶಾಪಿನ ಸುಗ್ಗಿ. ಅಂದರೆ ನನಗೆ ಸಿಕ್ಕಿದ್ದು ವರ್ಷದಲ್ಲೇ ಅತಿ ಹೆಚ್ಚು ಕೆಲಸ ಬೀಳುವ ಕಾಲ. ನನಗೆ ಖುಷಿಯೇ ಆಯಿತು. ಪರೀಕ್ಷೆ ಕಷ್ಟ ಇದ್ದರೆ ಪಾಸಾದದ್ದು ಎಲ್ಲರಿಗೂ ಕಾಣುತ್ತದೆ.

ಆ ವರ್ಷ ಬಿಸಿಲು ಬೆಳಿಗ್ಗೆಯೇ ತಗಡಿನ ಮೇಲೆ ಕೂತುಬಿಡುತ್ತಿತ್ತು. ಮಧ್ಯಾಹ್ನ ಶೆಡ್ಡಿನೊಳಗೆ ಕೈಗೆ ಸಿಕ್ಕ ಸ್ಪ್ಯಾನರು ಕೂಡ ಬಿಸಿ. ಪಾಸ್ಕಲಣ್ಣ ಹೆಗಲ ಟವೆಲನ್ನು ಒದ್ದೆ ಮಾಡಿಕೊಂಡು ಲೇತಿನ ಮುಂದೆ ನಿಲ್ಲುತ್ತಿದ್ದರು. ಅವರ ಪದ್ಧತಿ ಒಂದೇ: ಬೆಳಿಗ್ಗೆ ಬಂದವರೇ ಇದ್ದುದರಲ್ಲಿ ಅತಿ ದೊಡ್ಡ ಕೆಲಸ ಹಿಡಿಯುವುದು. ಕಬ್ಬಿನ ರೋಲರ್ ಹಿಡಿದರೆ ಊಟದ ಹೊತ್ತಿನವರೆಗೆ ಅದೇ. ಅಷ್ಟು ಹೊತ್ತೂ ಹಮೀದಾಕನಿಗೆ ವೆಲ್ಡಿಂಗ್ ಮಾಡಲು ಏನೂ ಇಲ್ಲ. ಸಂಜೆಯಾಗುತ್ತಲೇ ಸಣ್ಣ ಸಣ್ಣ ತುಂಡುಗಳೆಲ್ಲ ಲೇತಿನಿಂದ ಒಟ್ಟಿಗೆ ಇಳಿದು ಅವರ ಮೇಜಿನ ಮೇಲೆ ರಾಶಿ ಬೀಳುತ್ತಿದ್ದವು. ಆಗ ಅವರಿಗೆ ಉಪವಾಸದ ತಿಂಗಳು ಬೇರೆ.

“ಬೆಳಿಗ್ಗೆ ನಾನು ಇಲ್ಲಿ ನೊಣ ಓಡಿಸುದು,” ಎಂದು ಹಮೀದಾಕ ಒಮ್ಮೆ ನನ್ನ ಹತ್ತಿರ ಹೇಳಿದರು. “ಉಪವಾಸ ಬಿಡುವ ಹೊತ್ತಿಗೆ ಸರೀ ಈ ಪುಣ್ಯಾತ್ಮ ಆರು ಬುಶ್ಶು ತಂದು ನನ್ನ ಎದುರು ಇಡ್ತಾನೆ. ಖರ್ಜೂರದ ಬದಲು ಬುಶ್ಶು ತಿನ್ಬೇಕಾ ನಾನು?”

“ತಿನ್ನು ಮಾರಾಯ, ಗಟ್ಟಿ ಉಂಟು,” ಅಂದರು ಪಾಸ್ಕಲಣ್ಣ.

ಇದನ್ನು ನೋಡುತ್ತಾ ನೋಡುತ್ತಾ ನನಗೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡ್ ನೆನಪಾಯಿತು. ನಮ್ಮ ಜಿಲ್ಲೆಯಲ್ಲಿ ಬಸ್ಸಿನ ಟೈಮಿಂಗ್ ಎಂದರೆ ಹುಡುಗಾಟವಲ್ಲ. ಒಂದು ನಿಮಿಷ ತಡವಾಗಿ ಹೊರಟರೆ ಹಿಂದಿನ ಬಸ್ಸಿನ ಕಂಡಕ್ಟರ್ ಮುಂದಿನ ಸ್ಟಾಪಿನಲ್ಲಿ ಇಳಿದು ಬಂದು ಕಾಲರ್ ಹಿಡಿಯುತ್ತಾನೆ. ಅಪ್ಪ ಹೇಳುತ್ತಿದ್ದ ಮಾತು ಒಂದಿತ್ತು: ಎಲ್ಲ ಸ್ಟಾಪಿನಲ್ಲಿ ನಿಲ್ಲುವ ಸರ್ವಿಸ್ ಬಸ್ಸನ್ನು ಮುಂದೆ ಬಿಟ್ಟರೆ, ಆ ತಿರುವಿನ ರಸ್ತೆಯಲ್ಲಿ ಹಿಂದಿನ ಎಕ್ಸ್‌ಪ್ರೆಸ್ಸೂ ಸರ್ವಿಸ್ ಬಸ್ಸೇ. ಪಾಸ್ಕಲಣ್ಣನ ರೋಲರ್ ಆ ಸರ್ವಿಸ್ ಬಸ್ಸು. ಹಿಂದೆ ಬುಶ್ಶುಗಳೆಲ್ಲ ಹಾರ್ನ್ ಹಾಕುತ್ತಾ ನಿಂತಿವೆ.

ಮೊಬೈಲಿನಲ್ಲಿ ಹುಡುಕಿದೆ. ಹಿಂದಿಯಲ್ಲಿ ಒಬ್ಬರು ಸೀಮೆಸುಣ್ಣ ಹಿಡಿದು ಪಾಠ ಮಾಡುವ ವಿಡಿಯೋ ಸಿಕ್ಕಿತು. ಅರ್ಧ ಅರ್ಥವಾಗಲಿಲ್ಲ, ಇನ್ನೊಮ್ಮೆ ನೋಡಿದೆ, ಮತ್ತೊಮ್ಮೆ ನೋಡಿದೆ. ಎರಡು ಮೆಷಿನ್ ಒಂದರ ಹಿಂದೆ ಒಂದು ಇರುವ ಕಡೆಗೆ ಒಂದು ನಿಯಮ ಉಂಟಂತೆ. ಮೊದಲ ಮೆಷಿನ್ನಿನಲ್ಲಿ ಬೇಗ ಆಗುವುದನ್ನು ಸಾಲಿನ ತಲೆಗೆ ಹಾಕಬೇಕು, ಆಗ ಎರಡನೆಯವನಿಗೆ ಬೇಗ ಕೆಲಸ ಸಿಗುತ್ತದೆ. ಎರಡನೆಯದರಲ್ಲಿ ಬೇಗ ಆಗುವುದನ್ನು ಸಾಲಿನ ಬಾಲಕ್ಕೆ ಹಾಕಬೇಕು, ಆಗ ಕೊನೆಯಲ್ಲಿ ರಾಶಿ ಬೀಳುವುದಿಲ್ಲ. ಅಷ್ಟೇ! ಇಷ್ಟು ಸರಳವಾದದ್ದನ್ನು ಯಾರೋ ಕೂತು ಲೆಕ್ಕ ಹಾಕಿ ಸಾಧಿಸಿದ್ದಾರೆ ಎಂದು ಗೊತ್ತಾದಾಗ ನನಗೆ ಆದ ಸಂತೋಷ ಇವತ್ತಿಗೂ ಹಾಗೇ ಇದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನೊಬ್ಬಳೇ ನಗುತ್ತಿದ್ದೆ. ಅಪ್ಪ ಟಿಕೆಟ್ ಕೊಡುತ್ತಾ ಬಂದು “ಎಂತ ಆಯ್ತು ನಿನಗೆ?” ಎಂದು ಕೇಳಿ ಮುಂದೆ ಹೋದರು.

ಮರುದಿನ ಬೆಳಿಗ್ಗೆ ಪಾಸ್ಕಲಣ್ಣನ ಮುಂದೆ ನಾಲ್ಕು ಬುಶ್ಶು ಇಟ್ಟೆ.

“ಇದು ಮೊದಲು ಮಾಡಿ. ರೋಲರ್ ಆಮೇಲೆ.”

“ಬಾಯಿ, ಬೆಳಿಗ್ಗೆ ಬೆಳಿಗ್ಗೆ ಚಿಲ್ಲರೆ ಹಿಡಿದ್ರೆ ದಿನ ಇಡೀ ಚಿಲ್ಲರೆಯೇ.”

“ಒಂದು ವಾರ ಚಿಲ್ಲರೆ ಆಗಿ ನೋಡಿ. ಹಮೀದಾಕ ಮನೆಯಲ್ಲಿ ಉಪವಾಸ ಬಿಡ್ಲಿ.”

ಅವರು ಹಮೀದಾಕನ ಖಾಲಿ ಮೇಜಿನ ಕಡೆ ನೋಡಿದರು. ಇಬ್ಬರದೂ ಎಷ್ಟು ವರ್ಷದ ಜಗಳವೋ ಅಷ್ಟೇ ವರ್ಷದ ಸ್ನೇಹ. “ಆ ಖರ್ಜೂರದವನಿಗೋಸ್ಕರ,” ಎಂದು ಗೊಣಗಿ ಬುಶ್ಶು ಎತ್ತಿಕೊಂಡರು. ಹಮೀದಾಕ ಬಂದು ಅಂಗಿ ಬದಲಾಯಿಸುವಷ್ಟರಲ್ಲಿ ಮೊದಲ ಬುಶ್ಶು ಅವರ ಮೇಜಿನ ಮೇಲಿತ್ತು. ಸಂಜೆ ಬೆಳಕಿರುವಾಗಲೇ ಅವರು ಬ್ಯಾಗು ಹೆಗಲಿಗೇರಿಸಿ ಹೊರಟಾಗ, ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದರು, ಏನೋ ಮರೆತಿದ್ದೇನೆ ಎಂಬಂತೆ.

ಒಂದು ವಿಷಯ ಮಾತ್ರ ವಿಡಿಯೋದವರು ಹೇಳಿರಲಿಲ್ಲ. ನಮ್ಮ ಕಡೆ ಬೇಸಿಗೆಯ ಸಂಜೆ ಎಲ್ಲರ ತೋಟದ ಪಂಪುಗಳೂ ಒಟ್ಟಿಗೆ ಚಾಲೂ ಆಗಿ ವೋಲ್ಟೇಜ್ ಬೀಳುತ್ತದೆ. ದೊಡ್ಡ ರೋಲರ್ ಕಚ್ಚಿಸಿದರೆ ಲೇತ್ ಏದುಸಿರು ಬಿಡುತ್ತದೆ. ಹಾಗಾಗಿ ನಿಯಮವನ್ನು ಸ್ವಲ್ಪ ಬಗ್ಗಿಸಿದೆ. ಮೊದಲು ಸಣ್ಣದು ಒಂದೆರಡು, ಹಮೀದಾಕನಿಗೆ ಕೆಲಸ ಹತ್ತಲಿ. ಕೂಡಲೇ ರೋಲರ್, ವೋಲ್ಟೇಜ್ ಇರುವಾಗಲೇ. ಸಂಜೆಗೆ ಎರಡೂ ಕಡೆ ಹಗುರವಾದದ್ದು. ಪಾಸ್ಕಲಣ್ಣನಿಗೆ ಇದು ಹಿಡಿಸಿತು. ಆಮೇಲೆ ಬೆಳಿಗ್ಗೆ ಬಂದ ಕೂಡಲೇ “ಇವತ್ತು ಯಾವ ಬಸ್ಸು ಮೊದಲು, ಬಾಯಿ?” ಎಂದು ಅವರೇ ಕೇಳತೊಡಗಿದರು.

ಒಳಗಿನ ಜಾಮ್ ಹೀಗೆ ಬಿಟ್ಟಿತು. ಹೊರಗಿನದ್ದು ಬೇರೆಯೇ ಕಥೆ. ಸುಧಾಕರಣ್ಣನಿಗೆ ಮುಖ ನೋಡಿದರೆ ‘ಆಗುವುದಿಲ್ಲ’ ಎನ್ನಲು ಬಾಯಿ ಬರುತ್ತಿರಲಿಲ್ಲ. ಪುತ್ತಿಗೆಯಿಂದ ಬೆಳ್ತಂಗಡಿಯವರೆಗೆ ಯಾರು ಬಂದರೂ ಹೇಗಾದರೂ ಸಂಬಂಧ ಸಿಗುತ್ತದೆ. ಒಬ್ಬರು ಅಕ್ಕನ ಗಂಡನ ಕಡೆಯವರು, ಇನ್ನೊಬ್ಬರು ದುಬೈಯಲ್ಲಿ ಒಂದೇ ರೂಮಿನಲ್ಲಿದ್ದವರು. “ನಮ್ಮವರೇ, ಇವರದ್ದು ಮೊದಲು ಮಾಡಿಬಿಡಿ.” ಹೀಗೆ ದಿನಕ್ಕೆ ಮೂರು ‘ನಮ್ಮವರು’ ನುಗ್ಗಿದರೆ ಸಾಲು ಎಲ್ಲಿ ಉಳಿಯುತ್ತದೆ? ಬಿಳಿ ಬೋರ್ಡು ಗೋಡೆಗೆ ಹಾಕಿ, ಯಾರ ಕೆಲಸ ಯಾವ ದಿನ ಎಂದು ಬರೆದು ಸುಧಾಕರಣ್ಣನಿಗೆ ಹೇಳಿದೆ: “ಮುಖ ನೋಡಿ ಹೇಳಬೇಡಿ, ಬೋರ್ಡ್ ನೋಡಿ ಹೇಳಿ.” ಊಟದ ನಂತರದ ಸ್ವಲ್ಪ ಹೊತ್ತನ್ನು ಖಾಲಿ ಬಿಟ್ಟೆ. ನಿಜವಾಗಿಯೂ ಕೆಟ್ಟು ನಿಂತವರಿಗೆ ಆ ಜಾಗ, ಬಸ್ಸಿನಲ್ಲಿ ಬಸುರಿಗೆ, ಮುದುಕರಿಗೆ ಸೀಟು ಬಿಟ್ಟ ಹಾಗೆ. ಯಾರೂ ಬರದಿದ್ದರೆ ಸಾಲಿನವರು ಮುಂದೆ ಬರುತ್ತಾರೆ.

ಮೊದಲ ಸಲ ಸುಧಾಕರಣ್ಣ ಒಬ್ಬ ನೆಂಟರಿಗೆ “ಶನಿವಾರ ಆಗ್ತದೆ” ಎಂದು ಹೇಳಿದಾಗ ಹಣೆಯಲ್ಲಿ ಬೆವರು ಕಂಡಿತು. ನೆಂಟರು ಶನಿವಾರ ಬಂದರು, ಅವರ ವಸ್ತು ತಯಾರಿತ್ತು. ಅವರು ಬೈಯಲಿಲ್ಲ! ಸುಧಾಕರಣ್ಣ ಅವರನ್ನು ಗೇಟಿನವರೆಗೆ ಬಿಟ್ಟು ಬಂದು ನನ್ನ ಮೇಜಿನ ಮೇಲೆ ಒಂದು ಪ್ಯಾಕೆಟ್ ಖಾರಕಡ್ಡಿ ಇಟ್ಟು ಹೋದರು.

ಮೇ ಹೊತ್ತಿಗೆ ನನಗೆ ಗೆದ್ದೇಬಿಟ್ಟೆ ಅನ್ನಿಸಿತ್ತು. ಅಷ್ಟರಲ್ಲಿ ‘ಆಯ್ತು’ ಬಂತು.

ನಮ್ಮ ಶೆಡ್ಡಿನಲ್ಲಿ ಮಾತೆಲ್ಲ ತುಳುವಿನಲ್ಲಿ. ಪಾಸ್ಕಲಣ್ಣನ ಮನೆಮಾತು ಕೊಂಕಣಿ, ಹಮೀದಾಕನದ್ದು ಬ್ಯಾರಿ, ಆದರೆ ಎಲ್ಲರೂ ಸೇರಿದರೆ ತುಳುವೇ. ಬರೆಯುವುದೆಂದರೆ ಮಾತ್ರ ಕನ್ನಡ. ಶಾಲೆಯಲ್ಲಿ ಹಾಗೆ, ಆಫೀಸಿನಲ್ಲಿ ಹಾಗೆ. ಲೇತಿನ ಸದ್ದಿನಲ್ಲಿ ಫೋನ್ ಕೇಳಿಸುವುದಿಲ್ಲ ಎಂದು ನಾನು ವಾಟ್ಸಾಪ್ ಗ್ರೂಪ್ ಮಾಡಿದ್ದೆ. ಅದರಲ್ಲಿಯೂ ಎಲ್ಲರೂ ಕನ್ನಡದಲ್ಲೇ ಬರೆಯುತ್ತಿದ್ದರು.

ಬೆಳ್ತಂಗಡಿಯ ಜಯಕ್ಕ ದೊಡ್ಡ ಸಮಾರಂಭಗಳಿಗೆ ಅಡುಗೆ ವಹಿಸಿಕೊಳ್ಳುವವರು. ಅವರ ದೊಡ್ಡ ಗ್ರೈಂಡರಿನ ಶಾಫ್ಟ್ ತುಂಡಾಗಿ ನಮ್ಮಲ್ಲಿಗೆ ಬಂದಿತ್ತು. ಮರುದಿನ ಬಂಟ್ವಾಳದಲ್ಲಿ ಮದುವೆ, ಬೆಳಗಿನ ತಿಂಡಿಗೆ ಇಡ್ಲಿ. ನಾನು ಬೇರೆ ಕೆಲಸಗಳಿಗೆ ಕಬ್ಬಿಣದ ಸರಳು ತರಲು ಮೂಡುಬಿದಿರೆ ಪೇಟೆಗೆ ಹೋದವಳು ಅಲ್ಲಿಂದಲೇ ಗ್ರೂಪಿಗೆ ಬರೆದೆ: ‘ಜಯಕ್ಕನ ಶಾಫ್ಟ್ ಲೇತಿನಲ್ಲಿ ಆಯ್ತಾ? ಆಗದಿದ್ದರೆ ಅದನ್ನೇ ಮೊದಲು ಹಿಡಿಯಿರಿ.’ ಪಾಸ್ಕಲಣ್ಣನ ಉತ್ತರ ಬಂತು: ‘ಆಯ್ತು.’

ನಾನು ಜಯಕ್ಕನಿಗೆ ಫೋನ್ ಮಾಡಿ “ಲೇತ್ ಕೆಲಸ ಮುಗೀತು, ವೆಲ್ಡಿಂಗ್ ಒಂದು ಬಾಕಿ, ಊಟ ಮಾಡಿ ಹೊರಡಿ” ಅಂದೆ.

ಜಯಕ್ಕ ಬಾಡಿಗೆಗೆ ಪಿಕಪ್ ಗಾಡಿ ಮಾಡಿಕೊಂಡು ಬಂದರು. ನಾನು ಬಸ್ಸಿಳಿದು ಒಳಗೆ ಬರುವುದಕ್ಕೂ ಅವರು ಪಿಕಪ್ಪಿನಿಂದ ಇಳಿಯುವುದಕ್ಕೂ ಸರಿಹೋಯಿತು. ಅವರ ಹೊಸ ಶಾಫ್ಟಿಗೆಂದು ತೆಗೆದಿಟ್ಟ ಸರಳು ಲೇತಿನ ಪಕ್ಕದಲ್ಲಿ, ನಾನು ಬೆಳಿಗ್ಗೆ ಇಟ್ಟಲ್ಲೇ, ತುಕ್ಕಿನ ಬಣ್ಣದಲ್ಲಿ ಮಲಗಿತ್ತು. ಲೇತಿನ ಮೇಲೆ ಅರ್ಧ ಕಡೆದ ರೋಲರ್.

“ಆಯ್ತು ಅಂದದ್ದು ಯಾರು?” ಜಯಕ್ಕನ ಧ್ವನಿ ಮದುವೆ ಮನೆಯ ಅಡುಗೆ ಚಪ್ಪರದಲ್ಲಿ ತಯಾರಾದದ್ದು, ಶೆಡ್ಡಿಗೆ ಹೆಚ್ಚಾಯಿತು. “ನಾಳೆ ಬೆಳಿಗ್ಗೆ ದಿಬ್ಬಣದವರ ಬಾಳೆಲೆಗೆ ಎಂತ ಬಡಿಸ್ಲಿ? ನಿಮ್ಮ ಮೊಬೈಲಾ?”

ನಾನು ಪಾಸ್ಕಲಣ್ಣನ ಕಡೆ ಫೋನ್ ಹಿಡಿದೆ. “ನೀವೇ ಬರೆದದ್ದು, ಆಯ್ತು ಅಂತ!”

“ಆಯ್ತು, ಹಿಡೀತೇನೆ ಅಂತ ಬಾಯಿ! ನೀನು ಹಿಡೀರಿ ಅಂದದ್ದಕ್ಕೆ ಆಯ್ತು ಅಂದೆ. ರೋಲರ್ ಇಳಿದ ಕೂಡ್ಲೆ ಅದೇ ಹಿಡಿಯುದು ಅಂತಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯ್ತು, ಈಗ ಬಂದದ್ದಷ್ಟೆ.”

ಹೊರಗೆ ಇನ್ನಿಬ್ಬರು ಗಿರಾಕಿಗಳು ಬಂದು ನಿಂತು ಮಜಾ ನೋಡುತ್ತಿದ್ದರು. ಇಷ್ಟು ದಿನ ಇಲ್ಲದ ಬೊಬ್ಬೆ ಪೂರ್ತಿ ಒಂದೇ ದಿನ ಬಡ್ಡಿ ಸಮೇತ ಬಂದ ಹಾಗಿತ್ತು. ಸುಧಾಕರಣ್ಣನ ಮುಖ ಕೆಂಪಾಗಿತ್ತು.

“ಪತ್ತನಾಜೆ ಎಂತಕೆ? ಇವತ್ತೇ ದಯಾನಂದನಿಗೆ ಫೋನ್ ಮಾಡ್ತೇನೆ. ಪಾಸ್ಕಲಾ, ಬಿಚ್ಚು ಆ ರೋಲರ್. ಜಯಕ್ಕನದ್ದು ಹಾಕು.”

ಪಾಸ್ಕಲಣ್ಣ ರೋಲರ್ ಸಡಿಲಿಸುವ ಕೀಲಿಗೆ ಕೈ ಹಾಕಿದರು.

“ಬಿಚ್ಚಬೇಡಿ!” ಅಂದೆ.

ಎಲ್ಲರೂ ನನ್ನನ್ನು ನೋಡಿದರು. ಜಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನಾನು ಒಂದೇ ಉಸಿರಿಗೆ ಹೇಳಿದೆ: ಅರ್ಧ ಕಡೆದ ರೋಲರನ್ನು ಬಿಚ್ಚಿದರೆ ಮತ್ತೆ ಅದನ್ನು ನಡುಮಧ್ಯಕ್ಕೆ ಕೂರಿಸಲು ಹಿಡಿಯುವ ಹೊತ್ತಿನಲ್ಲಿ ಈಗ ಅದು ಮುಗಿದೇಹೋಗುತ್ತದೆ. ಅದು ಮುಗಿಯಲಿ. ಅಷ್ಟರಲ್ಲಿ ಹಮೀದಾಕ ಜಯಕ್ಕನ ಸರಳನ್ನು ಅಳತೆಗೆ ಕತ್ತರಿಸಿ, ಅದಕ್ಕೆ ಕೂರುವ ತಟ್ಟೆಗೆ ತೂತು ಕೊರೆದು ಇಡಲಿ. ಅದಕ್ಕೆ ಲೇತ್ ಬೇಡವಲ್ಲ!

“ಬಾಯಿ ಹೇಳಿದ್ದು ಸರಿ ಉಂಟು,” ಅಂದರು ಪಾಸ್ಕಲಣ್ಣ, ಕೈ ತೆಗೆದು.

“ಮತ್ತೆ ನನ್ನ ಇಡ್ಲಿ?” ಜಯಕ್ಕ ಕೇಳಿದರು.

ಆ ಪ್ರಶ್ನೆಯಿಂದಲೇ ನನಗೆ ಇನ್ನೊಂದು ಹೊಳೆಯಿತು. ಎಲ್ಲರೂ ‘ಈಗಲೇ ಬೇಕು’ ಅನ್ನುತ್ತಾರೆ. ಯಾವಾಗ ಬೇಕು ಎಂದು ಯಾರೂ ಕೇಳುವುದಿಲ್ಲ.

“ಜಯಕ್ಕ, ಉದ್ದು, ಅಕ್ಕಿ ನೆನೆ ಹಾಕಿದ್ದೀರಾ?”

“ಗ್ರೈಂಡರೇ ಇಲ್ಲದೆ ನೆನೆ ಹಾಕಿ ಎಂತ ಮಾಡ್ಲಿ? ಜಗಿದು ಕೊಡ್ಲಾ?”

“ಈಗಲೇ ಫೋನ್ ಮಾಡಿ ಹಾಕ್ಲಿಕ್ಕೆ ಹೇಳಿ. ಅದು ನೆನೆದು ಏಳುವಷ್ಟರಲ್ಲಿ ಶಾಫ್ಟ್ ನಿಮ್ಮ ಗ್ರೈಂಡರಲ್ಲಿರ್ತದೆ.”

ಜಯಕ್ಕ ಸುಧಾಕರಣ್ಣನ ಕಡೆ ತಿರುಗಿದರು. “ಈ ಹುಡುಗಿ ಯಾರದ್ದು ಮಾರಾಯ್ರೆ?” ಅಂದರು. ಆಮೇಲೆ ಫೋನ್ ತೆಗೆದು ಆ ಕಡೆಯವರಿಗೆ ಬೈಯುತ್ತಲೇ ಅಕ್ಕಿ ನೆನೆ ಹಾಕಿಸಿದರು.

ಒಂದೇ ಭಯ ಉಳಿದದ್ದು ವೋಲ್ಟೇಜಿನದ್ದು. ರೋಲರ್ ಇಳಿದು ಜಯಕ್ಕನ ಸರಳು ಲೇತಿಗೆ ಹತ್ತುವ ಹೊತ್ತಿಗೆ ಬಿಸಿಲು ಬಾಡಿತ್ತು, ಸುತ್ತಲಿನ ಪಂಪುಗಳು ಒಂದೊಂದಾಗಿ ಗುಂಯ್‌ಗುಡತೊಡಗಿದ್ದವು. ಬಲ್ಬು ಹಳದಿಯಾಯಿತು. ಲೇತ್ ಮುಲುಗಿತು. ಡೀಲರನಿಗೆ ಫೋನ್ ಮಾಡಲು ಮೊಬೈಲ್ ಕೈಯಲ್ಲಿ ಹಿಡಿದೇ ಇದ್ದ ಸುಧಾಕರಣ್ಣ ಒಮ್ಮೆ ಬಲ್ಬನ್ನು, ಒಮ್ಮೆ ಪಾಸ್ಕಲಣ್ಣನನ್ನು ನೋಡಿದರು. ಮೊಬೈಲ್ ಕಿಸೆಗೆ ಹಾಕಿ ಪಂಚೆ ಎತ್ತಿಕಟ್ಟಿ ಹೊರಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಪಂಪು ನಿಂತಿತು. ಆಮೇಲೆ ಅದರಾಚೆಯದ್ದು. ಆಮೇಲೆ ದೂರದ್ದೊಂದು. ಅವರು ಮನೆ ಮನೆಗೆ ಹೋಗಿ “ಒಂಚೂರು ಹೊತ್ತು ನಿಲ್ಲಿಸಿ, ಒಂದು ಮದುವೆಯ ವಿಷಯ” ಎಂದು ಕೇಳಿಕೊಂಡಿದ್ದರಂತೆ. ಬಲ್ಬು ಬೆಳ್ಳಗಾಯಿತು. ಚುರುಚುರು ಎಂದು ಕಬ್ಬಿಣದ ಸುರುಳಿ ಲೇತಿನಿಂದ ಕೆಳಗಿಳಿಯತೊಡಗಿತು, ಉದ್ದಕ್ಕೆ, ಎಲ್ಲಿಯೂ ತುಂಡಾಗದೆ.

ಹಮೀದಾಕ ಕೊನೆಯ ಬೆಸುಗೆ ಹಾಕಿ ಮುಖದ ಪರದೆ ಎತ್ತಿದಾಗ ಹೊರಗೆ ಇನ್ನೂ ಬೆಳಕಿತ್ತು. ಜಯಕ್ಕ ಬೆರಳ ತುದಿಯಿಂದ ಶಾಫ್ಟ್ ಮುಟ್ಟಿ ಕೈ ಕೊಡವಿಕೊಂಡರು.

“ಬಿಸಿ ಬಿಸಿ ಉಂಟು. ಇದನ್ನೇ ಬಡಿಸಿಬಿಡ್ಲಾ?” ಎಂದು ಗೋಣಿಯಲ್ಲಿ ಸುತ್ತಿಸಿಕೊಂಡು ಹೊರಟರು. ಮಜಾ ನೋಡಲು ನಿಂತಿದ್ದ ಇಬ್ಬರು ಗಿರಾಕಿಗಳೂ ಆ ಶಾಫ್ಟನ್ನು ಪಿಕಪ್ಪಿಗೆ ಎತ್ತಲು ಕೈ ಹಾಕಿದ್ದರು.

ಮರುದಿನ ಬೆಳಿಗ್ಗೆ ಚಾ ಕುಡಿಯುವಾಗ ಸುಧಾಕರಣ್ಣ ಡೀಲರನ ವಿಷಯ ಎತ್ತಲಿಲ್ಲ. ಆದರೆ ಬೋರ್ಡಿನ ಮುಂದೆ ನಿಂತು “ಇದು ಮತ್ತೆ ಆಗಬಾರದು” ಅಂದರು. ಯಾರ ತಪ್ಪು ಎಂಬ ಚರ್ಚೆ ಶುರುವಾಗುವಷ್ಟರಲ್ಲಿ ಹಮೀದಾಕ ನಗತೊಡಗಿದರು.

“ತುಳುವಿನಲ್ಲಿ ಕೇಳಿದ್ರೆ ಈ ರಗಳೆಯೇ ಇರ್ಲಿಲ್ಲ. ‘ಆವು’ ಅಂದ್ರೆ ಒಪ್ಪಿದೆ, ಮಾಡ್ತೇನೆ ಅಂತ. ‘ಆಂಡ್’ ಅಂದ್ರೆ ಮಾಡಿ ಮುಗೀತು ಅಂತ. ನಿಮ್ಮ ಕನ್ನಡದಲ್ಲಿ ಎರಡಕ್ಕೂ ‘ಆಯ್ತು’. ಒಂದೇ ಪಾತ್ರೆಯಲ್ಲಿ ಹಾಲೂ ಸಾಂಬಾರೂ.”

ನಾನು ಚಾ ಕೆಳಗಿಟ್ಟೆ. ಹೌದಲ್ಲ! ಎದುರೆದುರು ನಿಂತು ಮಾತಾಡುವಾಗ ಒಮ್ಮೆಯೂ ತಪ್ಪದ ನಾವು ಬರೆಯಲು ಹೋಗಿಯೇ ತಪ್ಪಿದ್ದು. ಕೂಡಲೇ ಬೋರ್ಡು ಒರೆಸಿ ಎರಡು ಮನೆ ಮಾಡಿದೆ: ಒಂದಕ್ಕೆ ‘ಆವು’, ಇನ್ನೊಂದಕ್ಕೆ ‘ಆಂಡ್’. ಗ್ರೂಪಿನಲ್ಲಿಯೂ ಈ ಎರಡೇ ಶಬ್ದ. ಇನ್ನೊಂದು ಕಟ್ಟಳೆಯನ್ನೂ ಸೇರಿಸಿದೆ: ‘ಆಂಡ್’ ಎಂದು ಮಾಡಿದವರು ಬರೆಯುವಂತಿಲ್ಲ, ಮುಂದಿನವರು ಬರೆಯಬೇಕು, ವಸ್ತು ತಮ್ಮ ಮೇಜಿಗೆ ಬಂದು ಮುಟ್ಟಿದ ಮೇಲೆ. ಪಾಸ್ಕಲಣ್ಣ ಮುಗಿಸಿದ್ದಕ್ಕೆ ಹಮೀದಾಕ ಸಾಕ್ಷಿ, ಹಮೀದಾಕ ಮುಗಿಸಿದ್ದಕ್ಕೆ ಗಿರಾಕಿಗೆ ಕೊಡುವ ನಾನು ಸಾಕ್ಷಿ.

“ಇವನ ಸರ್ಟಿಫಿಕೇಟು ನನಗೆ ಬೇಕಾ?” ಎಂದು ಪಾಸ್ಕಲಣ್ಣ ರೇಗಿದರು.

“ಬೇಕು,” ಅಂದರು ಹಮೀದಾಕ. “ಖರ್ಜೂರ ತಂದು ಕೊಡು, ಸೈನ್ ಹಾಕ್ತೇನೆ.”

ಆಮೇಲೆ ಬಂದ ಗಿರಾಕಿಗಳು ಬೋರ್ಡು ಓದಿ ತಮಾಷೆ ಮಾಡಿದರು, ನಂತರ ಅಭ್ಯಾಸವಾಯಿತು. ಬಾಗಿಲಲ್ಲೇ ನಿಂತು ಕತ್ತು ಉದ್ದ ಮಾಡಿ ನೋಡುವರು, ತಮ್ಮದು ‘ಆವು’ ಮನೆಯಲ್ಲಿದ್ದರೆ ಪೇಟೆ ಕೆಲಸ ಮುಗಿಸಿ ಬರುವರು. ಕೇಳಲು ಏನೂ ಉಳಿಯದಿದ್ದ ಮೇಲೆ ಬೊಬ್ಬೆ ಎಲ್ಲಿಂದ ಬರಬೇಕು?

ಪತ್ತನಾಜೆ ಬಂತು. ಆ ದಿನ ಆಕಾಶ ಬೂದಿಬಣ್ಣಕ್ಕೆ ತಿರುಗಿ ಗಾಳಿಯೇ ಇರಲಿಲ್ಲ. ಪಾಸ್ಕಲಣ್ಣ ಬೆಳಿಗ್ಗೆಯಿಂದ ಒಂದು ತಮಾಷೆಯನ್ನೂ ಮಾಡಿರಲಿಲ್ಲ. ನಾನು ಧೈರ್ಯವಾಗಿಯೇ ಇದ್ದೆ, ಆದರೆ ಸುಧಾಕರಣ್ಣ ಏನು ನಿಶ್ಚಯಿಸಿದ್ದಾರೆ ಎಂದು ನನಗೂ ಗೊತ್ತಿರಲಿಲ್ಲ. ಕೇಳಿದರೆ “ನೋಡುವ” ಅನ್ನುತ್ತಿದ್ದರು.

ದಯಾನಂದ ಬಂದರು. ಬಿಳಿ ಕಾರಿನ ಹಿಂದೆ ಅವರದೇ ಒಂದು ಟೆಂಪೋ. ಕೈಯಲ್ಲಿ ಅಳತೆಯ ಟೇಪು.

“ಹಾಗಾದ್ರೆ ಅಳತೆ ತಕ್ಕೊಳ್ಳುವನಾ?”

ಸುಧಾಕರಣ್ಣ ಅವರನ್ನು ಕೂರಿಸಿದರು, ನೀರು ಕೊಟ್ಟರು. ಆಮೇಲೆ ಹೇಳಿದರು:

“ಅದು ಬೇಡ ದಯಾನಂದಣ್ಣ. ಬೇಸರ ಮಾಡಬೇಡಿ. ನನಗೆ ಬೇಕಿದ್ದದ್ದು ಬೈಗುಳ ಇಲ್ಲದ ಜಾಗ. ಅದು ಇಲ್ಲೇ ಆಯ್ತು.”

ಲೇತಿನ ಕಡೆ ಏನೋ ಬಿದ್ದ ಸದ್ದಾಯಿತು. ಪಾಸ್ಕಲಣ್ಣ ಸ್ಪ್ಯಾನರ್ ಹೆಕ್ಕಿಕೊಳ್ಳುತ್ತಿದ್ದರು, ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಗ್ಗಿಕೊಂಡೇ.

ಡೀಲರ್ ಸ್ವಲ್ಪ ಹೊತ್ತು ವಾದ ಮಾಡಿದರು, ಸ್ವಲ್ಪ ಹೊತ್ತು ಮುಖ ಊದಿಸಿದರು. ಕೊನೆಗೆ ಎದ್ದು ಟೆಂಪೋ ಕಡೆ ಕೈ ತೋರಿಸಿದರು. ಅದರಲ್ಲಿ ಒಂದು ಹೊಳೆಯುವ ಹೊಸ ಜ್ಯೂಸ್ ಮೆಷಿನ್ ಇತ್ತು.

“ಹೋಗ್ಲಿ, ಇದನ್ನಾದ್ರೂ ಮಾಡಿ ಕೊಡಿ. ಮೊನ್ನೆ ಮಾರಿದ್ದು, ರೋಲರ್ ಅಲುಗಾಡ್ತದಂತೆ. ಕಂಪೆನಿಯವರು ಫೋನೇ ಎತ್ತುದಿಲ್ಲ. ಗಿರಾಕಿ ನನ್ನ ಅಂಗಡಿ ಬಾಗಿಲಲ್ಲಿ ಕೂತಿದ್ದಾನೆ. ಈಗಲೇ ಬೇಕು ಮಾರಾಯ್ರೆ.”

ಸುಧಾಕರಣ್ಣ ಅವರ ಮುಖ ನೋಡಲಿಲ್ಲ. ಬೋರ್ಡ್ ನೋಡಿದರು.

“ಗುರುವಾರ.”

“ನನಗೂ ಲೈನಾ? ನಾವು ಎಷ್ಟು ವರ್ಷದ ದೋಸ್ತಿ!”

“ದೋಸ್ತಿ ಉಂಟು. ನಾಳೆ ಬನ್ನಿ, ನಾಡಿದ್ದು ಬನ್ನಿ, ಚಾ ಕುಡಿಯುವ. ಮೆಷಿನ್ ಗುರುವಾರ.”

ಡೀಲರ್ ಏನೋ ಜೋರಾಗಿ ಹೇಳಿದರು. ಅಷ್ಟರಲ್ಲಿ ಪಾಸ್ಕಲಣ್ಣ ಲೇತ್ ಚಾಲೂ ಮಾಡಿದ್ದರಿಂದ ನಮಗೆ ಯಾರಿಗೂ ಕೇಳಿಸಲಿಲ್ಲ.